ಕಿ-67 ಕೊಳ್ಳುವ ಮೊದಲು ಫಿಕ್ಸ್ ಮಾಡುವ ಬಗೆ ನಿರ್ಧರಿಸಿ

ಪುಣೆಯ ಪಾಷಾಣ್ ರಸ್ತೆಯ ನಮ್ಮ ಲ್ಯಾಬಿಗೆ ಬೆಳಗಾವಿಯಿಂದ ಬಂದ ಹುಡುಗಿ ಕೇಳಿದ ಮೊದಲ ಪ್ರಶ್ನೆ: "ಅಕ್ಕಾ, ಡಿವೈಡ್ ಆಗೋ ಸೆಲ್ಲಿಗೆ ಯಾವ ಆಂಟಿಬಾಡಿ ತರಸೋಣ್ರೀ?" ನಾನು ತಿರುಗಿ ಕೇಳಿದೆ: "ಡಿವೈಡ್ ಅಂದ್ರ ಯಾವುದವಾ? ಈಗ ಒಡೀಲಿಕ್ಕೆ ಹತ್ತಿದ್ದೋ, ಒಡಿಯೋ ತಯಾರಿಯೊಳಗ ಇದ್ದದ್ದೋ?"

ಎರಡೂ ಬೇರೆ. ನಾವು ಬಣ್ಣ ಹಚ್ಚಿದ ಆಂಟಿಬಾಡಿಗಳನ್ನು ಕೋಶಗಳಿಗೆ ಅಂಟಿಸಿ, ಲೇಸರ್ ಬೆಳಕಲ್ಲಿ ಒಂದೊಂದೇ ಕೋಶ ನೋಡುವ ಫ್ಲೋ ಸೈಟೋಮೀಟರಿನಲ್ಲಿ ಅಳೆಯುತ್ತೇವೆ. ಕಿ-67 ಎಂಬ ನ್ಯೂಕ್ಲಿಯಸ್ಸಿನ ಪ್ರೋಟೀನ್ ಕೋಶಚಕ್ರದ ಜಿ1, ಎಸ್ (ಡಿಎನ್ಎ ನಕಲಾಗುವ ಹಂತ), ಜಿ2, ಎಂ (ಕೋಶ ಒಡೆಯುವ ಹಂತ, ಮೈಟೋಸಿಸ್) ಎಲ್ಲದರಲ್ಲೂ ಇರುತ್ತದೆ, ಚಕ್ರದಿಂದ ಹೊರಗೆ ಸುಮ್ಮನಿರುವ ಜಿ0ದಲ್ಲಿ ಮಾತ್ರ ಇಲ್ಲ. ಫಾಸ್ಫೋ-ಹಿಸ್ಟೋನ್ ಎಚ್3 (ಡಿಎನ್ಎ ಸುತ್ತಿಕೊಳ್ಳುವ ಪ್ರೋಟೀನಿನ ಫಾಸ್ಫೇಟ್ ಅಂಟಿದ ರೂಪ, ಮುಂದೆ ಬರೀ ಎಚ್3) ಮೈಟೋಸಿಸ್ ಹೊಸ್ತಿಲಲ್ಲಿ, ಅದರೊಳಗೆ ಇರುವ ಕೋಶಗಳನ್ನಷ್ಟೇ ಹಿಡಿಯುತ್ತದೆ. ಡಿಎನ್ಎ ತಯಾರಾಗುವುದನ್ನೇ ನೋಡಬೇಕಾದರೆ ಹೊಸ ಡಿಎನ್ಎಯೊಳಗೆ ಸೇರಿಕೊಳ್ಳುವ ಬಿಆರ್‌ಡಿಯು ಇದೆ. ಆದರೆ ಅದರ ಆಂಟಿಬಾಡಿ ಒಳಹೋಗಬೇಕಾದರೆ ಆಮ್ಲವೋ, ಡಿಎನ್ಎ ಕತ್ತರಿಸುವ ಕಿಣ್ವವಾದ ಡಿಎನ್‌ಏಸೋ ಹಾಕಿ ಡಿಎನ್ಎ ಬಿಚ್ಚಬೇಕು. ಆಮ್ಲ ಹಾಕಿದರೆ ಪಿಇ (ಫೈಕೋಎರಿಥ್ರಿನ್) ಎಂಬ ಹೊಳೆಯುವ ಬಣ್ಣ ಉಳಿಯುವುದಿಲ್ಲ. ನಮಗೆ ಟಿ ಕೋಶಗಳ (ಒಂದು ಬಗೆಯ ಬಿಳಿ ರಕ್ತಕಣ) ಮೇಲಿನ ಗುರುತಾದ ಸಿಡಿ8 ಕೂಡ ಪಿಇ ಬಣ್ಣದಲ್ಲಿ ಬೇಕಿತ್ತು, ಹಾಗಾಗಿ ಬಿಆರ್‌ಡಿಯು ಕೈಬಿಟ್ಟೆವು.

ಕ್ಯಾಟಲಾಗ್ ತೆರೆಯುವ ಮೊದಲು ನಾನು ಕೂತು ಯೋಚಿಸುವುದು ಫಿಕ್ಸ್ ಮಾಡುವ, ಅಂದರೆ ಕೋಶಗಳನ್ನು ಇದ್ದಂತೆಯೇ ಹಿಡಿದಿಡುವ ಬಗೆಯನ್ನು. ಮೆಥನಾಲ್ ಹಾಕಿದರೆ ಪಿಇ, ಅದರಂಥದ್ದೇ ಇನ್ನೊಂದು ಬಣ್ಣ ಎಪಿಸಿ ಎರಡೂ ಹೋಗುತ್ತವೆ, ಏಕೆಂದರೆ ಅವು ಪ್ರೋಟೀನ್ ಬಣ್ಣಗಳು. ಸಣ್ಣ ಅಣುಗಳಾದ ಅಲೆಕ್ಸಾ ಬಣ್ಣಗಳು ತಾಳಿಕೊಳ್ಳುತ್ತವೆ. ನಾವು ಮೊದಲು ಸಿಡಿ8 ಬಣ್ಣ ಹಚ್ಚಿ, ಆಮೇಲೆ ಫಾರ್ಮಾಲ್ಡಿಹೈಡ್ ಇರುವ, ನ್ಯೂಕ್ಲಿಯಸ್ ತೆರೆಯುವ ಕಿಟ್ ಬಳಸಿದೆವು.

ಬಣ್ಣ ಹಂಚುವಾಗ ನನ್ನ ಲೆಕ್ಕ ಹೀಗೆ. ಕಿ-67 ಇದೆ–ಇಲ್ಲ ಎಂದು ಎರಡಾಗಿ ಒಡೆಯುವುದಿಲ್ಲ, ಜಿ1ರಲ್ಲಿ ಮಂಕಾಗಿ ಶುರುವಾಗಿ ಜಿ2ವರೆಗೆ ಏರುತ್ತ ಹೋಗುತ್ತದೆ. ಅದಕ್ಕೆ ಹಿನ್ನೆಲೆ ಕಡಿಮೆ ಇರುವ ಅಲೆಕ್ಸಾ 647 ಹಚ್ಚಿದ ಬಿ56 ಕ್ಲೋನ್ (ಆಂಟಿಬಾಡಿಯ ತಳಿ). ಎಚ್3 ಬಂದರೆ ಢಾಳಾಗಿಯೇ ಬರುತ್ತದೆ, ಅಲೆಕ್ಸಾ 488 ಸಾಕು. ಡಿಎನ್ಎ ಎಷ್ಟಿದೆ ಎಂದು ತೋರಿಸಲು ಡ್ಯಾಪಿ ಬಣ್ಣ, ವಯೊಲೆಟ್ ಲೇಸರ್ ಮೇಲೆ. ಅದೇ ಕೆಲಸದ ಪ್ರೊಪಿಡಿಯಂ ಅಯೊಡೈಡ್ ಅಗ್ಗ ನಿಜ, ಆದರೆ ಆರ್‌ಎನ್‌ಎಗೂ ಅಂಟುವುದರಿಂದ ಅದನ್ನು ಕತ್ತರಿಸುವ ಆರ್‌ಎನ್‌ಏಸ್ ಬೇಡುತ್ತದೆ, ಮೇಲಾಗಿ ಪಿಇ ಜಾಗಕ್ಕೇ ಬಂದು ಕೂರುತ್ತದೆ. ಪಿಇ ಹಚ್ಚಿದ ಕಿ-67 ಕೂಡ ಸಿಗುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ ಸುಮಾರು 240 ಕಿಲೋಡಾಲ್ಟನ್ ತೂಗುವ ಪಿಇಯನ್ನು ನ್ಯೂಕ್ಲಿಯಸ್ಸಿಗೆ ನುಗ್ಗಿಸುವ ಬದಲು ಸಿಡಿ8ಕ್ಕೆ ಹೊರಗೇ ಬಿಡುವುದು ನನಗೆ ಸಲೀಸು.

ಆರ್ಡರ್ ಹಾಕಿದ ವಯಲ್ ಕೈಗೆ ಬರಲು ವಾರಗಟ್ಟಲೆ ಬೇಕು. ಅಷ್ಟರಲ್ಲಿ ಪಕ್ಕದ ಲ್ಯಾಬಿನಿಂದ ಒಂದಿಷ್ಟು ಮೈಕ್ರೋಲೀಟರ್ ಕಡ ತಂದು ಟೈಟ್ರೇಟ್ ಮಾಡಿದೆವು. ಲೇಬಲ್ ಹೇಳಿದ ಅಳತೆಯಿಂದ ಅರ್ಧ, ಅದರರ್ಧ ಅಂತ ಇಳಿಸುತ್ತ ಹೋದೆವು. ಪಾಸಿಟಿವ್ ಗುಂಪು ಅಲುಗದೆ ನೆಗೆಟಿವ್ ಮಾತ್ರ ಇಳಿಯುವ ಜಾಗ ಸಿಕ್ಕಿತು, ಅಲ್ಲಿಗೆ ನಿಂತೆವು.

ಐಸೋಟೈಪ್ ಕಂಟ್ರೋಲ್ (ಅದೇ ಬಗೆಯ, ಆದರೆ ಗುರಿಯಿಲ್ಲದ ಆಂಟಿಬಾಡಿ) ಮೇಲೆ ನನಗೆ ಅಷ್ಟಾಗಿ ನಂಬಿಕೆ ಇಲ್ಲ. ನಮ್ಮ ನೆಗೆಟಿವ್ ಅಂದರೆ ಪ್ರಚೋದಿಸದ ರಕ್ತದ ಟಿ ಕೋಶಗಳು, ಬಹುಪಾಲು ಜಿ0. ಅವೇ ಕೋಶಗಳಿಗೆ ಒಡೆಯಲು ಪ್ರಚೋದಿಸುವ ಪಿಎಚ್ಎ ಕೊಟ್ಟು ಮೂರನೇ ದಿನ ನೋಡಿದರೆ ಕಿ-67 ಎದ್ದು ಕೂತಿರುತ್ತದೆ. ಎಚ್3ಗೆ ಎನ್‌ಸಿಸಿಎಸ್ ಕೋಶಭಂಡಾರದಿಂದ ತರಿಸಿದ ಜರ್ಕಾಟ್ ಎಂಬ ಟಿ ಕೋಶಗಳಿಗೆ ನೋಕೋಡಜೋಲ್ ಹಾಕಿ ಮೈಟೋಸಿಸ್‌ನಲ್ಲೇ ತಡೆದು ನಿಲ್ಲಿಸಿದೆವು. ಎಚ್3 ಪಾಸಿಟಿವ್ ಚುಕ್ಕೆಗಳು ಡ್ಯಾಪಿಯ 4ಎನ್ (ಇಮ್ಮಡಿಯಾದ ಡಿಎನ್ಎ) ಗೆರೆಯ ಮೇಲೇ ಒಟ್ಟಾಗಬೇಕು. 2ಎನ್ (ಇನ್ನೂ ನಕಲಾಗದ ಡಿಎನ್ಎ) ಕಡೆ ಬಾಲ ಬಿಟ್ಟಿದ್ದರೆ ಆಂಟಿಬಾಡಿ ಜಾಸ್ತಿ, ಇಲ್ಲವೇ ಸತ್ತ ಕೋಶ. ಅಂಟಿಕೊಂಡ ಎರಡು ಜಿ1 ಕೋಶಗಳೂ 4ಎನ್ ಆಗಿಯೇ ಕಾಣುತ್ತವೆ, ಆದ್ದರಿಂದ ಡ್ಯಾಪಿಯ ಏರಿಯಾ–ವಿಡ್ತ್ ಗೇಟ್ ಹಾಕಿ ಅಂಥ ಜೋಡಿಗಳನ್ನು ಹೊರಗಿಡದೆ ನಾನು ಒಂದು ಅಂಕಿಯನ್ನೂ ಬರೆದುಕೊಳ್ಳುವುದಿಲ್ಲ.

ಹುಡುಗಿ ಈಗ ಸುಂಡಿಲಿಯ ಗುಲ್ಮದತ್ತ ಹೊರಟಿದ್ದಾಳೆ. ಅಲ್ಲಿಗೆ ಕಿ-67ರ ಸೋಲ್‌ಎ15 ಕ್ಲೋನ್ ತರಿಸಿದ್ದೇವೆ, ಅದು ರ‍್ಯಾಟ್ ಆಂಟಿಬಾಡಿ. ಬಣ್ಣ ಹಚ್ಚುವ ಮೊದಲು ಆಂಟಿಬಾಡಿಗಳ ಬಾಲ ಹಿಡಿದುಕೊಳ್ಳುವ ಸಿಡಿ16/32 ಗ್ರಾಹಕಗಳನ್ನು ಬ್ಲಾಕ್ ಮಾಡಲು ಹೇಳಿದ್ದೇನೆ.