ಪರದೆಯ ಮೂರನೇ ಒಂದು ಪಾಲು ನಾಯಕನೇ ಆದಾಗ

ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊದ ಹಳೆಯ ಗೇಮ್ ಯಂತ್ರ ಗೇಮ್ ಬಾಯ್‌ಗೆ ಬಂದಿದ್ದ ಒಂದು ಸೂಪರ್‌ಹೀರೊ ಗೇಮಿನ ಕಾರ್ಟ್ರಿಡ್ಜ್ (ಯಂತ್ರಕ್ಕೆ ಸಿಕ್ಕಿಸುವ ಗೇಮಿನ ಡಬ್ಬಿ) ಕೈಗೆ ಸಿಕ್ಕಿದ ದಿನ ಬೇರೆಲ್ಲ ಕೆಲಸ ಬದಿಗಿಟ್ಟು ಆಡಲು ಕೂತೆ. ಅದರ ಹೆಸರು ಇಲ್ಲಿ ಬೇಡ. ಸೂಪರ್‌ಹೀರೊಗಳೆಂದರೆ ನನಗೆ ಚಿಕ್ಕಂದಿನಿಂದಲೂ ಪ್ರಾಣ, ಹಾಗಾಗಿ ನಿರೀಕ್ಷೆಯೂ ದೊಡ್ಡದಿತ್ತು. ಆದರೆ ಕಟ್ಟಡಗಳ ಮೇಲೆ ಹಾರಬೇಕಾದವನು ಮೊದಲ ಹಂತದಲ್ಲೇ ಎದುರಿನಿಂದ ಬಂದ ಒಂದು ಹಾರುವ ಯಂತ್ರಕ್ಕೆ ತಗುಲಿ ಬಿದ್ದ. ಮತ್ತೆ ಆಡಿದೆ, ಮತ್ತೆ ಅದೇ ಜಾಗದಲ್ಲಿ ಬಿದ್ದ. ಎರಡು ವಾರ ಆಡಿ ಕೊನೆಯ ಹಂತ ಮುಟ್ಟಿದೆನಾದರೂ ಅಷ್ಟೂ ದಿನ ಒಂದು ಸಲವೂ ‘ನನ್ನ ಕೈಯಲ್ಲಿ ಬಲ ಇದೆ’ ಅನ್ನಿಸಲಿಲ್ಲ. ಸೂಪರ್‌ಹೀರೊ ಗೇಮ್ ಆಡುವುದೇ ಆ ಒಂದು ಅನುಭವಕ್ಕಾಗಿ. ಅದಿಲ್ಲ ಅಂದಮೇಲೆ ಬೇಸರವಾಗದೆ ಇರುತ್ತದೆಯೇ?

‘ಅಷ್ಟು ಹಳೆಯ ಯಂತ್ರ, ಅದರಿಂದ ಇನ್ನೇನು ನಿರೀಕ್ಷಿಸುತ್ತೀರಿ?’ ಅಂತ ಹಲವರು ಕೇಳುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಸನ್‌ಸಾಫ್ಟ್ ಅನ್ನುವ ಕಂಪನಿ 1990ರಲ್ಲಿ ಇದೇ ಗೇಮ್ ಬಾಯ್‌ಗೆ ಒಂದು ಬ್ಯಾಟ್‌ಮನ್ ಗೇಮ್ ಮಾಡಿತ್ತು. ಅದರಲ್ಲಿ ಬ್ಯಾಟ್‌ಮನ್ ತೀರಾ ಪುಟ್ಟವನು, ಕೈಯಲ್ಲೊಂದು ಬಂದೂಕು ಬೇರೆ. ಕಾಮಿಕ್ಸ್ ಓದಿದವರು ತಲೆ ಚಚ್ಚಿಕೊಳ್ಳಬಹುದು. ಆದರೂ ಅದನ್ನು ಆಡುವಾಗ ಬೆರಳು ಹೇಳಿದಂತೆ ಅವನು ಕೇಳುತ್ತಾನೆ. ಹಾಗಿದ್ದರೆ ನನ್ನ ಕಾರ್ಟ್ರಿಡ್ಜಿನಲ್ಲಿ ತಪ್ಪಿದ್ದು ಎಲ್ಲಿ? ಅದನ್ನು ಕಂಡುಹಿಡಿಯಲೇಬೇಕು ಅನ್ನಿಸಿತು.

ಕಾರ್ಟ್ರಿಡ್ಜನ್ನು ರೀಡರ್ ಮೂಲಕ ಕಂಪ್ಯೂಟರಿಗೆ ಇಳಿಸಿಕೊಂಡು, ಗೇಮ್ ಬಾಯ್‌ನಂತೆಯೇ ನಡೆಯುವ ತಂತ್ರಾಂಶವಾದ ಎಮ್ಯುಲೇಟರಿನಲ್ಲಿ ಒಂದೊಂದೇ ಫ್ರೇಮ್, ಅಂದರೆ ಒಂದೊಂದೇ ಚಿತ್ರ, ಮುಂದಕ್ಕೆ ತಳ್ಳುತ್ತಾ ನೋಡಿದೆ. ಗೇಮ್ ಬಾಯ್ ಸೆಕೆಂಡಿಗೆ ಸುಮಾರು 60 ಫ್ರೇಮ್ ತೋರಿಸುತ್ತದೆ. ಪರದೆ 160 ಪಿಕ್ಸೆಲ್ (ಚುಕ್ಕಿ) ಅಗಲ, 144 ಎತ್ತರ. ನಮ್ಮ ನಾಯಕನ ಅಗಲ 32, ಎತ್ತರ 48. ಅಂದರೆ ಪರದೆಯ ಎತ್ತರದಲ್ಲಿ ಮೂರನೇ ಒಂದು ಪಾಲನ್ನು ಅವನೊಬ್ಬನೇ ನುಂಗಿದ್ದಾನೆ. ಕೆಳಗೆ ಅಂಕ, ಜೀವ ತೋರಿಸುವ ಪಟ್ಟಿಗೆ ಇನ್ನೂ 16 ಹೋಯಿತು.

ನಾನು ಸಾಯುತ್ತಿದ್ದ ಜಾಗವನ್ನು ಕಾಗದದ ಮೇಲೆ ಲೆಕ್ಕ ಹಾಕಿದೆ. ನಾಯಕ ಸದಾ ಪರದೆಯ ನಟ್ಟನಡುವೆ. ಅವನ ಮುಂದಿನ ಅಂಚಿನಿಂದ ಪರದೆಯ ಬಲ ಅಂಚಿಗೆ ಉಳಿಯುವುದು 64 ಪಿಕ್ಸೆಲ್. ಅವನು ಫ್ರೇಮಿಗೆ 2 ಪಿಕ್ಸೆಲ್ ಮುಂದೆ ಹೋಗುತ್ತಾನೆ, ಯಂತ್ರ 2 ಪಿಕ್ಸೆಲ್ ಎದುರು ಬರುತ್ತದೆ. ಹದಿನಾರೇ ಫ್ರೇಮಿನಲ್ಲಿ ಡಿಕ್ಕಿ. ಜಿಗಿಯುವ ಗುಂಡಿ ಒತ್ತಿದರೆ ಅವನು ಮೊದಲು ಮೊಣಕಾಲು ಬಗ್ಗಿಸುತ್ತಾನೆ, ಅದಕ್ಕೇ 6 ಫ್ರೇಮ್ ಬೇಕು. ಉಳಿದದ್ದು ಹತ್ತು, ಅಂದರೆ ಸೆಕೆಂಡಿನ ಆರನೇ ಒಂದು ಭಾಗ. ಕಣ್ಣು ಕಂಡು ಬೆರಳು ಒತ್ತುವುದಕ್ಕೇ ಹೆಚ್ಚುಕಡಿಮೆ ಕಾಲು ಸೆಕೆಂಡು ಹಿಡಿಯುತ್ತದೆ. ಅಲ್ಲಿ ಯಂತ್ರ ಬರುತ್ತದೆಂದು ಬಾಯಿಪಾಠ ಮಾಡಿಕೊಂಡವನು ಮಾತ್ರ ಬದುಕಬಲ್ಲ. ಈ ಲೆಕ್ಕ ಮುಗಿದಾಗ ನನಗೆ ಸಿಟ್ಟು ಬಂತು, ಜೊತೆಗೆ ದಾರಿಯೂ ಕಂಡಿತು.

ಆ ದೊಡ್ಡ ದೇಹ ಇನ್ನೂ ಏನೇನನ್ನು ತಿಂದಿತ್ತು ನೋಡಿ. ಹಿನ್ನೆಲೆಯ ಮೇಲೆ ಓಡಾಡುವ ಪುಟ್ಟ ಚಿತ್ರದ ತುಂಡಿಗೆ ಸ್ಪ್ರೈಟ್ ಅನ್ನುತ್ತಾರೆ. ಗೇಮ್ ಬಾಯ್ ಒಟ್ಟು 40 ಸ್ಪ್ರೈಟ್ ಇಡಬಲ್ಲದು, ಆದರೆ ಒಂದು ಅಡ್ಡಗೆರೆಯಲ್ಲಿ ಹತ್ತೇ ಹತ್ತು. ಒಂದೊಂದು ಸ್ಪ್ರೈಟ್ 8 ಪಿಕ್ಸೆಲ್ ಅಗಲ. ನಾಯಕನ ಅಗಲಕ್ಕೇ ನಾಲ್ಕು ಬೇಕು, 24 ಪಿಕ್ಸೆಲ್ ಅಗಲದ ಒಬ್ಬ ಶತ್ರುವಿಗೆ ಮೂರು. ಇಬ್ಬರು ಶತ್ರುಗಳು ಬಂದರೆ ಹತ್ತೂ ಮುಗಿಯಿತು. ಮೂರನೆಯವನು ಅದೇ ಸಾಲಿಗೆ ಬಂದರೆ ಕಾಣುವುದೇ ಇಲ್ಲ, ಇಲ್ಲವೇ ಎಲ್ಲರೂ ಮಿಣಮಿಣ ಅನ್ನುತ್ತಾರೆ. ನಾಯಕನ ಒಂದೇ ಭಂಗಿಗೆ 24 ಟೈಲ್ (8ಕ್ಕೆ 8 ಪಿಕ್ಸೆಲಿನ ಚಿತ್ರದ ಚೌಕ), ಟೈಲಿಗೆ 16 ಬೈಟ್, ಒಟ್ಟು 384 ಬೈಟ್. ಇರುವ ವಿಡಿಯೊ ಮೆಮೊರಿ 8 ಕಿಲೋಬೈಟ್. ಅದರಲ್ಲೇ ಗೋಡೆ, ಆಕಾಶ, ಅಕ್ಷರ, ಶತ್ರುಗಳು ಎಲ್ಲ ಸೇರಬೇಕು. ಅವನ ನಡಿಗೆಗೆ ಬರೀ ಮೂರು ಭಂಗಿ ಯಾಕಿತ್ತು ಅನ್ನುವುದು ಆಗ ಅರ್ಥವಾಯಿತು. ಚಂದ ಕಾಣಲಿ ಅಂತ ದೊಡ್ಡದು ಮಾಡಿದ್ದೇ ಅವನನ್ನು ಮರದ ಗೊಂಬೆ ಮಾಡಿತ್ತು.

ನಾನು ಆ ಮೊದಲ ಹಂತವನ್ನೇ ಹೊಸದಾಗಿ ಕಟ್ಟಲು ಹೊರಟೆ. ಸಾಧನ ಗೇಮ್ ಬಾಯ್‌ಗೆ ಗೇಮ್ ಬರೆಯುವ ತಂತ್ರಾಂಶ ಜಿಬಿಡಿಕೆ-2020, ಪ್ರೋಗ್ರಾಮಿಂಗ್ ಭಾಷೆ ಸಿ. ಚಿತ್ರಗಳೆಲ್ಲ ನನ್ನವೇ, ನಾಯಕನೂ ನನ್ನವನೇ, ಶತ್ರುಗಳು ಬರುವ ಕ್ರಮ ಮಾತ್ರ ಹಳೆಯದು.

ಮೊದಲು ನಾಯಕನನ್ನು 16ಕ್ಕೆ 16 ಮಾಡಿದೆ. ನಾಲ್ಕೇ ಟೈಲ್, ಭಂಗಿಗೆ 64 ಬೈಟ್. ಇಷ್ಟು ಚಿಕ್ಕವನು ಹೀರೊ ಅಂತ ಗೊತ್ತಾಗುವುದು ಹೇಗೆ? ಮುಖ ಬರೆಯಲು ಹೋಗಿ ಮೂರು ಸಂಜೆ ಕಳೆದೆ, ಒಂದೂ ಸರಿಬರಲಿಲ್ಲ. ಕೊನೆಗೆ ಮುಖ ಬಿಟ್ಟೆ. ಹೆಗಲಿನಿಂದ ಹಿಂದಕ್ಕೆ ಒಂದು ಕಪ್ಪು ಮೇಲುವಸ್ತ್ರ ಎಳೆದು, ಓಡುವಾಗ ಅದರ ತುದಿ ಎರಡು ಪಿಕ್ಸೆಲ್ ಏಳುವಂತೆ, ನಿಂತಾಗ ಒಂದೆರಡು ಫ್ರೇಮ್ ತಡವಾಗಿ ಇಳಿಯುವಂತೆ ಮಾಡಿದೆ. ಜೀವ ಬಂದದ್ದು ಅಲ್ಲಿ. ಆ ಎರಡು ಪಿಕ್ಸೆಲ್ ಏಳುವುದನ್ನು ಮೊದಲ ಸಲ ನೋಡಿದಾಗ ಆದ ಸಂತೋಷ ಇನ್ನೂ ನೆನಪಿದೆ.

ಆಮೇಲೆ ಕ್ಯಾಮೆರಾ, ಅಂದರೆ ಹಂತದ ಯಾವ ಭಾಗ ಪರದೆಯಲ್ಲಿ ಕಾಣಬೇಕು ಅನ್ನುವುದು. ನಾಯಕ ಬಲಕ್ಕೆ ಓಡುವಾಗ ಅವನನ್ನು ಪರದೆಯ ಎಡಗಡೆ 48ನೇ ಪಿಕ್ಸೆಲಿನಲ್ಲಿ ಇಟ್ಟೆ. ಮುಂದೆ 96 ಪಿಕ್ಸೆಲ್ ಬಯಲಾಯಿತು. ಯಂತ್ರದ ವೇಗವನ್ನು ಫ್ರೇಮಿಗೆ 1 ಪಿಕ್ಸೆಲಿಗೆ ಇಳಿಸಿದೆ. ಹದಿನಾರು ಫ್ರೇಮ್ ಇದ್ದದ್ದು ಈಗ ಮೂವತ್ತೆರಡು, ಅರ್ಧ ಸೆಕೆಂಡಿಗೂ ಹೆಚ್ಚು. ತೊಂದರೆ ಬಂದದ್ದು ಅವನು ತಿರುಗಿದಾಗ. ಪರದೆ ಒಮ್ಮೆಗೇ ಆಚೆಗೆ ಹಾರಿ ತಲೆ ತಿರುಗುವಂತಾಯಿತು. ಈಗ ಅವನು ತಿರುಗಿ 8 ಪಿಕ್ಸೆಲ್ ನಡೆದ ಮೇಲೆಯೇ ಕ್ಯಾಮೆರಾ ಹೊರಡುತ್ತದೆ, ಅದೂ ಅವನಿಗಿಂತ ಫ್ರೇಮಿಗೆ 2 ಪಿಕ್ಸೆಲ್ ಮಾತ್ರ ಬೇಗ.

ಜಿಗಿತಕ್ಕೆ ಅತಿ ಹೆಚ್ಚು ಸಮಯ ಕೊಟ್ಟೆ, ಯಾಕೆಂದರೆ ಬಲದ ಅನುಭವ ಇರುವುದೇ ಅಲ್ಲಿ. ಈ ಚಿಪ್ಪಿಗೆ ದಶಮಾಂಶ ಲೆಕ್ಕ ಬಾರದು, ಹಾಗಾಗಿ ಒಂದು ಪಿಕ್ಸೆಲನ್ನು 16 ಭಾಗ ಮಾಡಿಕೊಂಡೆ. ಮೇಲಕ್ಕೆ 64 ಭಾಗದ ವೇಗದಿಂದ ಶುರು, ಪ್ರತಿ ಫ್ರೇಮಿಗೆ 3 ಕಳೆಯುತ್ತಾ ಹೋಗುವುದು. ನಲವತ್ತು ಪಿಕ್ಸೆಲಿಗೂ ಮೇಲೆ ಏರುತ್ತಾನೆ, ತನ್ನ ಎತ್ತರದ ಎರಡೂವರೆ ಪಟ್ಟು. ಮೊಣಕಾಲು ಬಗ್ಗಿಸುವುದನ್ನು ತೆಗೆದುಹಾಕಿದೆ. ಗುಂಡಿ ಒತ್ತಿದ ಮರು ಫ್ರೇಮಿಗೆ ಕಾಲು ನೆಲ ಬಿಟ್ಟಿರುತ್ತದೆ. ಬೆರಳು ತೆಗೆದರೆ ಏರುವ ವೇಗ ಅರ್ಧಕ್ಕಿಳಿಯುತ್ತದೆ, ಹಾಗಾಗಿ ಸಣ್ಣ ಜಿಗಿತ, ದೊಡ್ಡ ಜಿಗಿತ ಎರಡೂ ಆಡುವವರ ಕೈಯಲ್ಲೇ. ಕಟ್ಟಡದ ಅಂಚು ದಾಟಿ ಐದು ಫ್ರೇಮ್ ಆಗಿದ್ದರೂ ಜಿಗಿಯಲು ಬಿಡುತ್ತೇನೆ. ಇದಕ್ಕೆ ಗೇಮ್ ಮಾಡುವವರು ಕೊಯೋಟೀ ಟೈಮ್ ಅನ್ನುತ್ತಾರೆ. ಹಳೆಯ ಗೇಮಿನಲ್ಲಿ ಅಂಚಿನಲ್ಲಿ ಗುಂಡಿ ಒತ್ತಿಯೂ ಕೆಳಗೆ ಬಿದ್ದಾಗ ನನಗಾಗುತ್ತಿದ್ದ ಸಂಕಟ ಇನ್ನೊಬ್ಬರಿಗೆ ಬೇಡ.

ಹಾರಾಟವನ್ನು ಸರಳವಾಗಿಟ್ಟೆ. ಗಾಳಿಯಲ್ಲಿ ಗುಂಡಿ ಒತ್ತಿ ಹಿಡಿದರೆ ಮೇಲುವಸ್ತ್ರ ಬಿಚ್ಚಿಕೊಂಡು ನಿಧಾನಕ್ಕೆ ತೇಲುತ್ತಾನೆ, ಅಷ್ಟೇ.

ಕಂಪ್ಯೂಟರಿನಲ್ಲಿ ಎಲ್ಲ ಚೆನ್ನಾಗಿ ಕಂಡಿತು. ನಮ್ಮದೇ ಗೇಮ್ ತುಂಬಬಹುದಾದ ಫ್ಲ್ಯಾಶ್ ಕಾರ್ಟ್ರಿಡ್ಜಿಗೆ ಹಾಕಿ ನಿಜವಾದ ಗೇಮ್ ಬಾಯ್‌ನಲ್ಲಿ ಆಡಿದರೆ ಪಕ್ಕಕ್ಕೆ ಓಡುವಾಗ ಇಡೀ ಪರದೆ ಬೂದುಬಣ್ಣದ ಕೆಸರು! 1989ರ ಆ ಎಲ್‌ಸಿಡಿ ನಿಧಾನದ್ದು. ಕಪ್ಪಾದ ಪಿಕ್ಸೆಲ್ ಬೆಳ್ಳಗಾಗುವ ಹೊತ್ತಿಗೆ ಚಿತ್ರ ಮುಂದೆ ಸರಿದಿರುತ್ತದೆ, ನೆರಳು ಹಿಂದೆ ಉಳಿಯುತ್ತದೆ. ನಾನು ಆಸೆಪಟ್ಟು ಇಟ್ಟಿಗೆ ಇಟ್ಟಿಗೆಯಾಗಿ ಬರೆದಿದ್ದ ಗೋಡೆಯೇ ಕೆಸರಿಗೆ ಕಾರಣ. ಅದನ್ನು ಅಳಿಸಲು ಮನಸ್ಸು ಬರಲಿಲ್ಲವಾದರೂ ಅಳಿಸಿದೆ. ಇರುವ ನಾಲ್ಕು ಛಾಯೆಗಳಲ್ಲಿ ತಿಳಿಯಾದ ಎರಡನ್ನು ಹಿನ್ನೆಲೆಗೆ, ಗಾಢವಾದ ಎರಡನ್ನು ನಾಯಕನಿಗೂ ಶತ್ರುಗಳಿಗೂ ಹಂಚಿದೆ. ಗೋಡೆಯಲ್ಲಿ ಉಳಿದದ್ದು ಅಂಚಿನ ಗೆರೆ, ಅಲ್ಲೊಂದು ಇಲ್ಲೊಂದು ಕಿಟಕಿ. ಈಗ ಯಂತ್ರ ಪರದೆಯ ಅಂಚಿಗೆ ಬಂದ ಕೂಡಲೇ ಕಣ್ಣಿಗೆ ಬೀಳುತ್ತದೆ.

ತಮ್ಮನಿಗೆ ಏನೂ ಹೇಳದೆ ಎರಡನ್ನೂ ಆಡಲು ಕೊಟ್ಟೆ. ಹಳೆಯದರಲ್ಲಿ ನಾಲ್ಕು ಸಲ ಅದೇ ಜಾಗದಲ್ಲಿ ಸತ್ತು, ‘ಗುಂಡಿ ಕೆಟ್ಟಿದೆಯೇನಣ್ಣಾ?’ ಅಂದ. ನನ್ನದರಲ್ಲಿ ಮೊದಲ ಸಲ ತಗುಲಿಸಿಕೊಂಡ, ಎರಡನೇ ಸಲ ಯಂತ್ರದ ಮೇಲಿಂದ ಹಾರಿ, ಬೇಕಿಲ್ಲದಿದ್ದರೂ ಗುಂಡಿ ಒತ್ತಿ ಹಿಡಿದು ಕಟ್ಟಡದ ತುದಿಯವರೆಗೆ ತೇಲಿಕೊಂಡು ಹೋದ. ಎರಡನೇ ಹಂತ ಕೇಳುತ್ತಿದ್ದಾನೆ. ಅದರಲ್ಲಿ ಒಂದೇ ಸಾಲಿನಲ್ಲಿ ಮೂರು ಯಂತ್ರಗಳು ಬರುತ್ತವೆ. ನಾಯಕನಿಗೆ ಎರಡು ಸ್ಪ್ರೈಟ್, ಅವುಗಳಿಗೆ ಒಂಬತ್ತು, ಒಟ್ಟು ಹನ್ನೊಂದು. ಒಂದು ಹೆಚ್ಚಾಯಿತು. ಯಂತ್ರಗಳನ್ನು 16 ಪಿಕ್ಸೆಲಿಗೆ ಇಳಿಸಿ ಹೊಸದಾಗಿ ಬರೆಯುತ್ತಿದ್ದೇನೆ.