ಮೊದಲ ಕ್ಯಾಬಿನ್ ದೋಣಿ ಕೊಳ್ಳುವ ಮೊದಲು ನಮ್ಮ ತೋಡನ್ನು ಅಳೆದದ್ದು

ಕ್ಯಾಬಿನ್ ಇರುವ ದೋಣಿ ಬೇಕು ಅಂತ ನನಗೂ ಹೆಂಡತಿಗೂ ಆಸೆ ಹುಟ್ಟಿ ನಾಲ್ಕು ವರ್ಷ ಆಗಿತ್ತು. ರಾತ್ರಿ ಮಲಗಲು ಎರಡು ಹಾಸಿಗೆ, ಚಹಾ ಕಾಯಿಸಲು ಒಂದು ಒಲೆ, ಮಳೆ ಬಂದರೆ ತಲೆ ಮೇಲೆ ಮಾಡು. ಇಷ್ಟೇ. ನೀಲೇಶ್ವರದ ಹತ್ತಿರ ಕೋಟ್ಟಪ್ಪುರದಿಂದ ಹೊರಡುವ ಹೌಸ್‌ಬೋಟ್‌ನಲ್ಲಿ ಒಂದು ಸಲ ವಲಿಯಪರಂಬ ಹಿನ್ನೀರಿಗೆ ಹೋಗಿದ್ದೆವು, ಆವತ್ತು ಹತ್ತಿದ ಹುಚ್ಚು ಇದು. ಕಾಸರಗೋಡು ಅಂದರೆ ಹನ್ನೆರಡು ಹೊಳೆಗಳ ಜಿಲ್ಲೆ, ಮನೆಯಿಂದ ಎತ್ತ ಹೋದರೂ ನೀರು ಸಿಗುತ್ತದೆ, ಆದರೂ ನಾವು ಅದನ್ನೆಲ್ಲ ನೋಡುವುದು ಬಸ್ಸಿನ ಕಿಟಕಿಯಿಂದ ಮಾತ್ರ ಅಲ್ವಾ.

ಮೊದಲ ಒಂದು ವರ್ಷ ಫೋನಿನಲ್ಲಿ ದೋಣಿಗಳ ಫೋಟೋ ನೋಡಿದ್ದೇ ನೋಡಿದ್ದು. ಗೋವಾದ್ದು, ಕೊಚ್ಚಿಯದ್ದು, ಮುಂಬೈದ್ದು. ಉದ್ದ ಎಷ್ಟು, ಎಂಜಿನ್ ಎಷ್ಟು ಎಚ್‌ಪಿ, ಬೆಲೆ ಎಷ್ಟು ಅಂತ ಒಂದು ಪುಸ್ತಕ ತುಂಬಾ ಬರೆದಿಟ್ಟಿದ್ದೆ. ಕುಂಬಳೆಯಲ್ಲಿ ನನಗೊಬ್ಬ ಮೊಗವೀರ ಗೆಳೆಯ ಇದ್ದಾನೆ, ಹುಟ್ಟಿದಾಗಿನಿಂದ ಕಡಲು ಕಂಡವನು. ಅವನಿಗೆ ಆ ಪುಸ್ತಕ ತೋರಿಸಿದೆ. ಪುಟ ತಿರುಗಿಸಿ ನೋಡಿ, "ಅರ್ಜೆಂಟ್ ಮಲ್ಪೊಡ್ಚಿ" ಅಂದ, ತುಳುವಿನಲ್ಲಿ ಅವಸರ ಮಾಡಬೇಡ ಅಂತ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ಎಲ್ಲಿ ಕಟ್ಟುತ್ತೀ?

ಕಟ್ಟುವುದು ಭಾವನ ತೆಂಗಿನ ತೋಟದ ಬದಿಯಲ್ಲಿ. ಚಂದ್ರಗಿರಿ ಹೊಳೆಗೆ ಸೇರುವ ಒಂದು ತೋಡು ಅದು. ತೋಡಿಗೂ ಹೊಳೆಗೂ ನಡುವೆ ಒಂದು ಕಾಂಕ್ರೀಟ್ ಕಾಲುಸಂಕ ಇದೆ. ಅದರ ಮೇಲೆ ನೂರು ಸಲ ನಡೆದಿದ್ದೇನೆ, ಅದರ ಅಡಿಯಿಂದ ದೋಣಿ ಹೋಗಬೇಕು ಅನ್ನುವುದನ್ನು ಒಂದು ಸಲವೂ ಯೋಚಿಸಿರಲಿಲ್ಲ.

ಅಮಾವಾಸ್ಯೆಯ ದಿನ ಭರತ ಪೂರ್ತಿ ಏರುವ ಹೊತ್ತಿಗೆ ನಾನೂ ಭಾವನೂ ಅಲ್ಲಿಗೆ ಹೋದೆವು. ಸಂಕದ ಮೇಲಿಂದ ಹಗ್ಗಕ್ಕೆ ಕಬ್ಬಿಣದ ತುಂಡು ಕಟ್ಟಿ ಇಳಿಸಿದೆವು. ಸಂಕದ ತಳದಿಂದ ನೀರಿಗೆ ಏಳೂವರೆ ಅಡಿ. ಅದೇ ದಿನ ಇಳಿತದಲ್ಲಿ ಮತ್ತೆ ಹೋಗಿ ತೋಡಿನ ಬಾಯಿಯಲ್ಲಿ ಆಳ ನೋಡಿದರೆ ಮೂರು ಅಡಿ, ಒಂದು ಕಡೆ ಮರಳು ಕಟ್ಟಿದಲ್ಲಿ ಎರಡೂವರೆ. ಮಳೆಗಾಲ ಕಳೆದರೆ ಈ ಮರಳು ಇದ್ದಲ್ಲಿ ಇರುವುದಿಲ್ಲ, ಹಾಗಾಗಿ ಪ್ರತಿ ವರ್ಷ ಮತ್ತೆ ಅಳೆಯಬೇಕು ಅಂತ ಗೆಳೆಯ ಹೇಳಿದ.

ಈ ಎರಡು ಲೆಕ್ಕ ಸಿಕ್ಕಿದ ಮೇಲೆ ನನ್ನ ಪುಸ್ತಕದ ಅರ್ಧಕ್ಕಿಂತ ಜಾಸ್ತಿ ದೋಣಿಗಳು ಹೊರಗೆ ಹೋದವು. ಮೇಲೊಂದು ಅಟ್ಟ ಇದ್ದು ಅಲ್ಲಿ ಕೂತು ಓಡಿಸುವಂಥವು ಎಲ್ಲ ಹೋದವು, ಸಂಕದ ಅಡಿ ತೂರುವುದೇ ಇಲ್ಲ. ಎತ್ತರದ ಅಟ್ಟ ನನಗೆ ಇನ್ನೊಂದು ಕಾರಣಕ್ಕೂ ಬೇಡ ಅನಿಸಿತ್ತು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮಗುಚಿದ ಪ್ರವಾಸಿ ದೋಣಿಯಲ್ಲಿ 22 ಜನ ತೀರಿಕೊಂಡರು, ಅದು ಮೀನು ಹಿಡಿಯುವ ದೋಣಿಯನ್ನೇ ಬದಲಿಸಿ ಮಾಡಿದ್ದು, ಹಿಡಿಸುವುದಕ್ಕಿಂತ ಜಾಸ್ತಿ ಜನರೂ ಇದ್ದರು. ಭಾರ ಮೇಲೆ ಹೋದಷ್ಟೂ ದೋಣಿ ಮಗುಚುವುದು ಸುಲಭ. ಯಾರಾದರೂ ಹಳೆ ಮೀನಿನ ದೋಣಿ ತೆಗೆದುಕೊಂಡು ಮೇಲೆ ಕ್ಯಾಬಿನ್ ಕೂರಿಸೋಣ, ಅಗ್ಗಕ್ಕಾಗುತ್ತದೆ ಅಂದರೆ ದಯವಿಟ್ಟು ಒಪ್ಪಬೇಡಿ. ನನಗೂ ಇಬ್ಬರು ಹಾಗೆ ಹೇಳಿದ್ದರು.

ಉಳಿದದ್ದು 20ರಿಂದ 23 ಅಡಿ ಉದ್ದದ, ತಗ್ಗು ಕ್ಯಾಬಿನ್ನಿನ, ಹಿಂದೆ ಔಟ್‌ಬೋರ್ಡ್ ಎಂಜಿನ್ ಇರುವ ದೋಣಿಗಳು. ಔಟ್‌ಬೋರ್ಡ್ ಆದರೆ ನೀರು ಕಡಿಮೆ ಇರುವಲ್ಲಿ ಎಂಜಿನ್ನನ್ನೇ ಮೇಲಕ್ಕೆತ್ತಬಹುದು.

ಮೊದಲು ನೋಡಿದ್ದು ಗೋವಾದ ಒಂದು ದೋಣಿ. ನಿಜಕ್ಕಾದರೆ ಅದರಲ್ಲಿ ಎಂಜಿನ್ ಒಳಗಡೆ ಇತ್ತು, ಪೆಟ್ರೋಲಿನದ್ದು, ಆದರೂ ಕ್ಯಾಬಿನ್ ಅಷ್ಟು ಚಂದ ಇದ್ದದ್ದಕ್ಕೆ ರೈಲು ಹತ್ತಿ ಹೋದೆವು. ಎಂಜಿನ್ ಮುಚ್ಚಳ ತೆಗೆದರೆ ಹೊಗೆ ಹೋಗುವ ಎರಕದ ಭಾಗವೆಲ್ಲ ತುಕ್ಕು. ಉಪ್ಪುನೀರು ಅದರೊಳಗೇ ಓಡಿ ತಣಿಸುವುದರಿಂದ ಆ ಭಾಗ ಕೆಲವು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು, ಇಲ್ಲದಿದ್ದರೆ ಒಳಗಿಂದ ತೂತಾಗಿ ಎಂಜಿನ್ನಿಗೇ ನೀರು ನುಗ್ಗುತ್ತದೆ. ಹಿಂದೆ ಪ್ರೊಪೆಲ್ಲರ್ ಕಾಲು ಸೇರುವಲ್ಲಿ ಇರುವ ರಬ್ಬರ್ ತೋಳು ಬಿರುಕು ಬಿಟ್ಟಿತ್ತು. ಅದು ಹರಿದರೆ ಕಟ್ಟಿಟ್ಟ ದೋಣಿ ಕಟ್ಟಿಟ್ಟಲ್ಲೇ ಮುಳುಗುತ್ತದೆ. ಇನ್ನೊಂದು ವಿಷಯವನ್ನೂ ಅಲ್ಲೇ ಕಲಿತೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಹೋಗಿ ಕೂರುತ್ತದೆ, ಹಾಗಾಗಿ ಒಳಗೆ ಎಂಜಿನ್ ಇದ್ದರೆ ಕೀಲಿ ತಿರುಗಿಸುವ ಮೊದಲು ಕನಿಷ್ಠ ನಾಲ್ಕು ನಿಮಿಷ ಆ ಆವಿಯನ್ನು ಹೊರಗೆ ಎಳೆದುಹಾಕುವ ಬ್ಲೋವರ್ ಹಾಕಲೇಬೇಕು. ಮಾರುವವರು ಅದ್ಯಾವುದನ್ನೂ ಹೇಳಲಿಲ್ಲ, ಸೀದಾ ಕೀಲಿ ತಿರುಗಿಸಿದರು. ನಾವು ನಮಸ್ಕಾರ ಹೇಳಿ ಬಂದೆವು.

ಎರಡನೆಯದು ಕೊಚ್ಚಿಯಲ್ಲಿ. ಈ ಸಲ ಮೆಕ್ಯಾನಿಕ್ ಇಚ್ಚನನ್ನು ಕರೆದುಕೊಂಡು ಹೋಗಿದ್ದೆ. ಔಟ್‌ಬೋರ್ಡ್ ಎಂಜಿನ್ನಿನಲ್ಲೇ ಅವರ ಮೂವತ್ತು ವರ್ಷ ಕಳೆದಿದೆ. ದೋಣಿಗೆ ಹೊಸದಾಗಿ ಬಣ್ಣ ಬಳಿದಿದ್ದರು, ಬಿಳಿ ಅಂದರೆ ಬಿಳಿ. ಇಚ್ಚ ಬಣ್ಣ ನೋಡಲೇ ಇಲ್ಲ. ಚೀಲದಿಂದ ಒಂದು ಪ್ಲಾಸ್ಟಿಕ್ ಸುತ್ತಿಗೆ ತೆಗೆದು ಮುಂದಿನಿಂದ ಹಿಂದಕ್ಕೆ ಒಂದೊಂದು ಗೇಣಿಗೆ ಮೆಲ್ಲ ಬಡಿಯುತ್ತಾ ಹೋದರು. ಟಕ್, ಟಕ್, ಟಕ್. ಹಲಸಿನ ಹಣ್ಣು ಬಡಿದು ನೋಡುತ್ತೇವಲ್ಲ, ಹಾಗೆ. ಹಿಂದೆ ಎಂಜಿನ್ ತೂಗುವ ಹಲಗೆಗೆ ಬಂದಾಗ ಸದ್ದು ಬದಲಾಯಿತು. ದಬ್, ದಬ್. "ನೀವೇ ಬಡಿದು ನೋಡಿ" ಅಂತ ಸುತ್ತಿಗೆ ನನ್ನ ಕೈಗೆ ಕೊಟ್ಟರು. ಕಣ್ಣು ಮುಚ್ಚಿ ಬಡಿದರೂ ಗೊತ್ತಾಗುತ್ತಿತ್ತು. ಫೈಬರಿನ ಒಳಗೆ ಪ್ಲೈವುಡ್ ಇರುತ್ತದೆ, ಯಾವುದೋ ಬೋಲ್ಟಿನ ತೂತಿನಿಂದ ನೀರು ಇಳಿದು ಅದು ಕೊಳೆತಿತ್ತು. ಎಂಜಿನ್ನಿನ ಕಾಲು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಇಡೀ ಹಲಗೆಯೇ ಒಂಚೂರು ಬಾಗಿದ್ದು ಕಣ್ಣಿಗೇ ಕಂಡಿತು. ಇದನ್ನು ಸರಿ ಮಾಡಬೇಕಾದರೆ ಹಿಂಭಾಗ ಪೂರ್ತಿ ಕೊರೆದು ಹೊಸದಾಗಿ ಕಟ್ಟಬೇಕು.

ಎಂಜಿನ್ನನ್ನೂ ನೋಡಿಬಿಡೋಣ ಅಂತ ಇಚ್ಚ ನಾಲ್ಕೂ ಪ್ಲಗ್ ಬಿಚ್ಚಿ, ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದರು. ಮೂರು ಸಿಲಿಂಡರ್ 180ರ ಆಚೀಚೆ ತೋರಿಸಿತು, ಕೆಳಗಿನದ್ದು 140. ಒಂದಕ್ಕೂ ಇನ್ನೊಂದಕ್ಕೂ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು ಅನ್ನುವುದು ಅವರ ಲೆಕ್ಕ. ಮೀಟರಿನಲ್ಲಿ ಎಷ್ಟು ಗಂಟೆ ಓಡಿದೆ ಅಂತ ಇದೆಯೋ ಅದು ಮುಖ್ಯವಲ್ಲ ಅಂತಾರೆ ಅವರು. ಪ್ರತಿ ಸಲ ಉಪ್ಪುನೀರಿನಿಂದ ಬಂದ ಮೇಲೆ ಸಿಹಿನೀರು ಓಡಿಸಿ ತೊಳೆದಿದ್ದಾರಾ ಅನ್ನುವುದು ಮುಖ್ಯ.

ನಾವು ಕೊನೆಗೆ ತೆಗೆದುಕೊಂಡದ್ದು ಜನವರಿಯಲ್ಲಿ, 21 ಅಡಿಯದ್ದು, 115 ಎಚ್‌ಪಿಯ ನಾಲ್ಕು ಸ್ಟ್ರೋಕ್ ಎಂಜಿನ್. ಬಣ್ಣ ಮಾಸಿತ್ತು, ಸೀಟುಗಳ ಹೊಲಿಗೆ ಬಿಟ್ಟಿತ್ತು. ಆದರೆ ಸುತ್ತಿಗೆ ಎಲ್ಲಿ ಬಡಿದರೂ ಒಂದೇ ಸದ್ದು. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ನೋಡಿದೆವು, ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಬೇಕು. ಪಕ್ಕದಿಂದ ತಣಿಸುವ ನೀರು ಧಾರೆಯಾಗಿ ಬರುತ್ತಿದೆಯಾ ನೋಡಿದೆವು. ಒಂದು ಗಂಟೆ ನೀರಿನಲ್ಲಿ ಓಡಿಸಿ, ವಾಪಸ್ ಬಂದು ತಳದ ಮುಚ್ಚಳ ತೆಗೆದು ಒಳಗೆ ನೀರು ಸೇರಿದೆಯಾ ಅಂತ ಟಾರ್ಚ್ ಹಾಕಿ ನೋಡಿದೆವು. ಹೆಂಡತಿ ಕ್ಯಾಬಿನ್ನಿನಲ್ಲಿ ಚಾಪೆ ಹಾಸಿ ನಿಜವಾಗಿ ಮಲಗಿ ನೋಡಿದಳು, ನನ್ನನ್ನೂ ಮಲಗಿಸಿದಳು, ಕಾಲು ಚಾಚಲು ಆಗುತ್ತದಾ ಅಂತ. ಇದನ್ನು ಅಂಗಳದಲ್ಲಿ ನಿಂತು ಫೋಟೋ ನೋಡಿ ತಿಳಿಯಲು ಆಗುವುದಿಲ್ಲ.

ಕಾಗದದ ವಿಷಯದಲ್ಲಿ ಅವಸರ ಬೇಡ. ಒಳನಾಡು ದೋಣಿಗಳಿಗೆ ಈಗ 2021ರ ಇನ್‌ಲ್ಯಾಂಡ್ ವೆಸೆಲ್ಸ್ ಕಾಯ್ದೆ ಇದೆ, ಒಂದು ರಾಜ್ಯದ ನೋಂದಣಿ ದೇಶದ ಎಲ್ಲ ಕಡೆ ನಡೆಯುತ್ತದೆ. ನೋಂದಣಿ ಪತ್ರ, ದೋಣಿಯನ್ನು ತಪಾಸಣೆ ಮಾಡಿ ಕೊಡುವ ಸರ್ವೆ ಪತ್ರ ಎರಡನ್ನೂ ಕೇಳಿ, ಎಂಜಿನ್ ನಂಬರನ್ನು ಎಂಜಿನ್ನಿನ ಮೇಲೇ ಓದಿ ತಾಳೆ ನೋಡಿ. ಒಳನಾಡಿನ ನೋಂದಣಿ ಇದೆ ಅಂತ ಅಳಿವೆ ದಾಟಿ ಕಡಲಿಗೆ ಹೋಗಬಹುದು ಅಂದುಕೊಳ್ಳಬೇಡಿ. ನಾವು ವಲಿಯಪರಂಬಕ್ಕೆ ಹೋಗಬೇಕಾದರೆ ದೋಣಿಯನ್ನು ಟ್ರೈಲರಿನಲ್ಲಿ ರಸ್ತೆ ಮೇಲೆಯೇ ಒಯ್ಯುತ್ತೇವೆ.

ಖರ್ಚಿನ ಬಗ್ಗೆ ತುಂಬಾ ಜನ ಕೇಳುತ್ತಾರೆ. ಪೂರ್ತಿ ವೇಗದಲ್ಲಿ ಓಡಿಸಿದರೆ ಇಂಥ ಎಂಜಿನ್ ಗಂಟೆಗೆ ಸುಮಾರು 40 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ನಾವು ಮೆಲ್ಲನೇ ಹೋಗುವವರು, ಹಿನ್ನೀರಿನಲ್ಲಿ ಅಷ್ಟು ವೇಗ ಬೇಕಾಗಿಯೂ ಇಲ್ಲ, ದಡದ ಮಣ್ಣು ಕುಸಿಯುತ್ತದೆ, ಸಣ್ಣ ದೋಣಿಯವರಿಗೆ ತೊಂದರೆ. ಬೆಲೆಯ ಐದನೇ ಒಂದು ಪಾಲನ್ನು ಮೊದಲೇ ಬೇರೆ ಇಟ್ಟಿದ್ದೆ. ಎಂಜಿನ್ ತಣಿಸುವ ನೀರನ್ನು ಎಳೆಯುವ ಹೊಸ ಇಂಪೆಲ್ಲರ್, ಪೆಟ್ರೋಲ್ ಪೈಪು, ಬ್ಯಾಟರಿ, ನೀರು ಸೇರಿದರೆ ತಾನೇ ಓಡುವ ಪಂಪು, ಲಂಗರಿನ ಹಗ್ಗ, ಆರು ಲೈಫ್ ಜಾಕೆಟ್. ಕ್ಯಾಬಿನ್ನಿನಲ್ಲಿ ಮಲಗುವವರು ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಹಾಕಲೇಬೇಕು, ಆ ಗಾಳಿಗೆ ವಾಸನೆ ಇಲ್ಲ, ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ. ಇಟ್ಟ ದುಡ್ಡು ಮೂರು ತಿಂಗಳಲ್ಲಿ ಮುಗಿಯಿತು.

ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ, ಅಂದರೆ ಯಂತ್ರದ ಬೋಟುಗಳು ಬಲೆ ಎಳೆದು ಮೀನು ಹಿಡಿಯುವ ಹಾಗಿಲ್ಲ. ಆಗ ಬೋಟುಗಳೆಲ್ಲ ರಿಪೇರಿಗೆ ಬರುವುದರಿಂದ ಇಚ್ಚ ಕೈಗೆ ಸಿಗುವುದಿಲ್ಲ, ಅದಕ್ಕೇ ಮೇ ಕೊನೆಯಲ್ಲೇ ಕೆಲಸ ಮುಗಿಸಿಕೊಂಡು ದೋಣಿಯನ್ನು ಭಾವನ ತೋಟಕ್ಕೆ ಎಳೆದು ಟಾರ್ಪಾಲು ಹಾಕಿದೆವು. ಮಳೆನೀರು ನಿಲ್ಲದ ಹಾಗೆ ತಳದ ಬಿರಡೆ ತೆಗೆದಿಡಬೇಕು. ಅದನ್ನು ದಾರಕ್ಕೆ ಕಟ್ಟಿ ಸ್ಟೇರಿಂಗಿಗೇ ನೇತುಹಾಕಿದ್ದೇವೆ, ಸೆಪ್ಟೆಂಬರಿನಲ್ಲಿ ನೀರಿಗಿಳಿಸುವ ದಿನ ಮೊದಲು ಕೈಗೆ ಸಿಗುವುದು ಅದೇ ಆಗಿರಲಿ ಅಂತ.