ನೀರುಗಂಟಿಗೆ ಇಂಗ್ಲಿಷಿನಲ್ಲಿ ಏನು ಬರೆಯಲಿ?

ಕೋಲಾರದ ಕೆರೆಗಳ ಮೇಲೆ ನಾನು ಬರೆದ ಲೇಖನ ಒಂದು ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಗುವುದಕ್ಕೆ ಎರಡೂವರೆ ವರ್ಷ ಹಿಡಿಯಿತು. ಅದರಲ್ಲಿ ಮೊದಲ ಒಂದು ವರ್ಷ ನನ್ನ ಹತ್ತಿರ ಪ್ರಶ್ನೆಯೇ ಇರಲಿಲ್ಲ. ಬರೀ ಮಾಹಿತಿ ಇತ್ತು.

ನಾನು ಇಲ್ಲಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಸರ್ಕಾರಗಳು ನೀತಿ ಮಾಡಿದ್ದು ಹೇಗೆ, ಯಾಕೆ, ಅದು ಊರಿಗೆ ಬಂದಾಗ ಏನಾಯಿತು ಅನ್ನುವುದು ನನ್ನ ಆಸಕ್ತಿ. ಮೊದಲ ಕರಡಿನಲ್ಲಿ 1911ರ ಮೈಸೂರು ಕೆರೆ ಪಂಚಾಯಿತಿ ರೆಗ್ಯುಲೇಷನ್, 1932ರ ನೀರಾವರಿ ಕಾಯ್ದೆ, 1965ರ ಕರ್ನಾಟಕ ನೀರಾವರಿ ಕಾಯ್ದೆ, ಎಲ್ಲವನ್ನೂ ಒಂದರ ಹಿಂದೆ ಒಂದು ಜೋಡಿಸಿದ್ದೆ. ಸಂಪಾದಕರು ಹತ್ತೇ ದಿನಕ್ಕೆ ವಾಪಸ್ ಕಳಿಸಿದರು. ಲೇಖನ ಓದಿ ಅಚ್ಚಿಗೆ ಯೋಗ್ಯವೇ ಅಂತ ಹೇಳುವ ವಿಮರ್ಶಕರ ಕೈಗೂ ಹೋಗಲಿಲ್ಲ. ಕಾಯ್ದೆಗಳ ಪಟ್ಟಿ ಚೆನ್ನಾಗಿದೆ, ಆದರೆ ನೀವು ಏನು ಹೇಳುತ್ತಿದ್ದೀರಿ ಅಂತ ಎರಡೇ ಸಾಲು ಬರೆದಿದ್ದರು. ತುಂಬ ಬೇಜಾರಾಯಿತು. ಆದರೆ ಅವರು ಕೇಳಿದ್ದು ಸರಿಯಾಗಿಯೇ ಇತ್ತು.

ಪ್ರಶ್ನೆ ಸಿಕ್ಕಿದ್ದು ಹಳೆಯ ಗೆಜೆಟಿಯರ್ ಓದುವಾಗ. ಬ್ರಿಟಿಷ್ ಕಮಿಷನರ್ ಆಳ್ವಿಕೆಯ ಕಾಲದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ, ಈ ಸೀಮೆಯ ಜನ ಎಷ್ಟು ಕೆರೆ ಕಟ್ಟಿದ್ದಾರೆಂದರೆ ಹೊಸದೊಂದಕ್ಕೆ ಜಾಗ ಹುಡುಕುವುದೇ ಕಷ್ಟ ಅನ್ನುವ ಅರ್ಥದಲ್ಲಿ ಬರೆದಿದ್ದಾರೆ. ಅಷ್ಟು ಕೆರೆಗಳನ್ನು ನೂರಾರು ವರ್ಷ ನೋಡಿಕೊಂಡವರು ಊರಿನವರೇ. 1850ರ ದಶಕದಲ್ಲಿ ಲೋಕೋಪಯೋಗಿ ಇಲಾಖೆ ಬಂತು, ಎಂಜಿನಿಯರರು ಬಂದರು, ಎಸ್ಟಿಮೇಟ್ ಬಂತು. ಹಾಗಿದ್ದ ಮೇಲೆ 1911ರಲ್ಲಿ ಊರಿನವರನ್ನು ಮತ್ತೆ ಕೆರೆ ಕೆಲಸಕ್ಕೆ ಸೇರಿಸಲು ಸರ್ಕಾರವೇ ಕಾನೂನು ಯಾಕೆ ಮಾಡಬೇಕಾಯಿತು? ಇದೊಂದೇ ಪ್ರಶ್ನೆ ಇಟ್ಟುಕೊಂಡು ಲೇಖನವನ್ನು ಮೊದಲಿನಿಂದ ಬರೆದೆ. ಹಳೆಯದರಲ್ಲಿ ಅರ್ಧಕ್ಕಿಂತ ಜಾಸ್ತಿ ತೆಗೆದು ಹಾಕಿದೆ.

ಅದಕ್ಕೆ ದಾಖಲೆ ಬೇಕಲ್ವಾ? ರಜೆ ಇದ್ದಾಗೆಲ್ಲ ಬೆಳಿಗ್ಗೆಯ ಬಸ್ಸಿಗೆ ಹೊರಟು ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗುತ್ತಿದ್ದೆ. ಕಡತವನ್ನು ತಳದಿಂದ ಓದಬೇಕು ಅಂತ ಅಲ್ಲಿ ಕಲಿತೆ. ಮೇಲಿರುವುದು ಕೊನೆಯ ಆದೇಶ. ತಳದಲ್ಲಿರುವುದು ಎಲ್ಲ ಶುರುವಾದ ಕಾಗದ. ಒಂದು ಕಡತದ ತಳದಲ್ಲಿ ರೈತರ ಅರ್ಜಿ ಇತ್ತು. ಏರಿ ಒಡೆದಿದೆ, ಗದ್ದೆ ಬೀಳು ಬಿದ್ದಿದೆ ಅಂತ ಒಂದೇ ಕೈಬರಹದಲ್ಲಿ ಬರೆದಿದ್ದರು. ಕೆಳಗೆ ಸಹಿ ಬಾರದವರು ಹಾಕಿದ ಗುರುತುಗಳು. ಒಂದೆರಡು ಕಡೆ ಶಾಯಿ ಹರಡಿ ಹೋಗಿತ್ತು. ಅದರ ಮೇಲೆ ತಾಲ್ಲೂಕಿನ ಅಧಿಕಾರಿಯಾದ ಅಮಲ್ದಾರರ ವರದಿ, ಅದರ ಮೇಲೆ ಎಸ್ಟಿಮೇಟ್, ಅದರ ಮೇಲೆ ಎಸ್ಟಿಮೇಟಿಗೆ ಕೇಳಿದ ವಿವರಣೆ. ಪ್ರತಿ ಕಾಗದದ ತಾರೀಕನ್ನೂ ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಂಡೆ. ತಾರೀಕುಗಳ ನಡುವೆ ಎಷ್ಟು ಮಳೆಗಾಲ ಹೋಯಿತು ಅಂತ ಎಣಿಸಿದಾಗ ನನ್ನ ಲೇಖನದ ವಾದ ಆ ಹಾಳೆಯಲ್ಲೇ ಇತ್ತು.

ಅಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಮೊದಲ ಕೆಲವು ಸಲ ವಿಷಯ ಮಾತ್ರ ನಕಲು ಮಾಡಿಕೊಂಡೆ, ಇಲಾಖೆ, ವರ್ಷ, ಕಡತದ ಸಂಖ್ಯೆ ಬರೆದುಕೊಳ್ಳಲಿಲ್ಲ. ಅಡಿಟಿಪ್ಪಣಿ ಹಾಕುವಾಗ ಕೈಕಟ್ಟಿ ಹೋಯಿತು. ಅದನ್ನೇ ಹುಡುಕಲು ಮತ್ತೆ ನಾಲ್ಕು ಸಲ ಬೆಂಗಳೂರಿಗೆ ಹೋಗಬೇಕಾಯಿತು. ಈಗ ನನ್ನ ವಿದ್ಯಾರ್ಥಿಗಳಿಗೆ, ಸಂಖ್ಯೆ ಬರೆದ ಮೇಲೇ ಕಡತ ಬಿಚ್ಚಿ ಅನ್ನುತ್ತೇನೆ. ಪತ್ರಾಗಾರಕ್ಕೆ ಹೋಗಲಾಗದವರಿಗೆ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಅಚ್ಚಾದ ನಡಾವಳಿಗಳಿವೆ. 1881ರಲ್ಲಿ ಶುರುವಾದ ಸಭೆ ಅದು. ಜಿಲ್ಲೆಗಳಿಂದ ಬಂದವರು ದಿವಾನರ ಎದುರು ತಮ್ಮ ಸೀಮೆಯ ಅಹವಾಲು ಹೇಳಿಕೊಳ್ಳುತ್ತಿದ್ದರು.

ಪತ್ರಿಕೆ ಆರಿಸುವಾಗ ಎರಡು ವಾರ ಸುಮ್ನೆ ಹಳೆಯ ಸಂಚಿಕೆಗಳನ್ನೇ ಓದಿದೆ. ನೀತಿಯ ಇತಿಹಾಸಕ್ಕೆಂದೇ 1989ರಿಂದ ಬರುತ್ತಿರುವ ಜರ್ನಲ್ ಆಫ್ ಪಾಲಿಸಿ ಹಿಸ್ಟರಿ ಇದೆ. ನಮ್ಮ ದೇಶದ ವಿಷಯಕ್ಕೆ 1963ರಲ್ಲಿ ಶುರುವಾದ ಇಂಡಿಯನ್ ಎಕನಾಮಿಕ್ ಅಂಡ್ ಸೋಷಿಯಲ್ ಹಿಸ್ಟರಿ ರಿವ್ಯೂ ಇದೆ. ಅಂಥವುಗಳಲ್ಲಿ ಮೊದಲ ಎರಡು ಪುಟ ಹೇಗೆ ಬರೆಯುತ್ತಾರೆ, ಪ್ರಶ್ನೆ ಎಲ್ಲಿ ಇಡುತ್ತಾರೆ ಅಂತ ಗಮನಿಸಿ. ಅದೇ ಹೊತ್ತಿಗೆ ನನಗೆ ಒಂದು ಮೇಲ್ ಬಂತು. ದುಡ್ಡು ಕಟ್ಟಿದರೆ ವಾರದಲ್ಲಿ ಅಚ್ಚು ಮಾಡುತ್ತೇವೆ ಅಂತ. ಬಡ್ತಿಯ ಅಂಕದ ಒತ್ತಡ ನನಗೂ ಇತ್ತು, ಆದರೂ ಕಳಿಸಲಿಲ್ಲ. ವಾರದಲ್ಲಿ ಅಚ್ಚಾಗುವ ಲೇಖನವನ್ನು ಯಾರೂ ಓದಿ ತಿದ್ದಿರುವುದಿಲ್ಲ. ತಿದ್ದಿಸಿಕೊಳ್ಳುವುದಕ್ಕೇ ಅಲ್ವಾ ನಾವು ಕಳಿಸುವುದು?

ಒಳ್ಳೆಯ ಪತ್ರಿಕೆಯಲ್ಲಿ ವಿಮರ್ಶಕರು ಯಾರು ಅಂತ ನಮಗೆ ಗೊತ್ತಾಗುವುದಿಲ್ಲ, ಬರೆದವರು ಯಾರು ಅಂತ ಅವರಿಗೂ ಗೊತ್ತಾಗಬಾರದು. ಕರಡಿನಲ್ಲಿ ನನ್ನ ಹೆಸರು, ಕಾಲೇಜು ಎಲ್ಲ ಅಳಿಸಿ ಕಳಿಸಿದೆ. ಏಳು ತಿಂಗಳಿಗೆ ಇಬ್ಬರ ಮಾತು ಬಂತು. ಒಬ್ಬರದು ಸಣ್ಣಪುಟ್ಟ ತಿದ್ದುಪಡಿ. ಇನ್ನೊಬ್ಬರು ಮೂರು ಪುಟ ಬರೆದಿದ್ದರು. ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವ ನೀರುಗಂಟಿಯನ್ನು ನಾನು ಇಂಗ್ಲಿಷಿನಲ್ಲಿ ವಾಚ್‌ಮನ್ ಅಂತ ಬರೆದುಬಿಟ್ಟಿದ್ದೆ. ಈತ ಬರೀ ಕಾವಲುಗಾರನಾದರೆ ನಿಮ್ಮ ವಾದದಲ್ಲಿ ಇಷ್ಟು ದೊಡ್ಡ ಜಾಗ ಯಾಕೆ ಅಂತ ಅವರ ಪ್ರಶ್ನೆ.

ಉತ್ತರ ಕಡತದಲ್ಲಿ ಇರಲಿಲ್ಲ. ಮುಳಬಾಗಿಲು ಕಡೆಯ ಒಂದು ಊರಿಗೆ ಹೋದೆ. ಅಪ್ಪ, ಅಜ್ಜ ನೀರುಗಂಟಿಗಳಾಗಿದ್ದ ತಾತ ಒಬ್ಬರು ಏರಿಯ ಮೇಲೆ ಕರೆದುಕೊಂಡು ಹೋಗಿ ತೂಬಿನ ಕಲ್ಲುಕಂಬ ತೋರಿಸಿದರು. "ಇಲ್ಲಿ ನಮ್ಮಪ್ಪ ಮುಳುಗಿ ತೂಬು ಎತ್ತೋರು ಮೇಷ್ಟ್ರೇ" ಅಂದರು. ನೀರು ಕಡಿಮೆಯಾದ ವರ್ಷ ಅಚ್ಚುಕಟ್ಟಿನಲ್ಲಿ ಎಷ್ಟು ಗದ್ದೆಗೆ ಬಿಡಬೇಕು ಅಂತ ಊರವರು ಕೂತು ತೀರ್ಮಾನ ಮಾಡುತ್ತಿದ್ದರಂತೆ. ಅದನ್ನು ರಾತ್ರಿಯೆಲ್ಲ ಗದ್ದೆಯಿಂದ ಗದ್ದೆಗೆ ನಡೆಸುವುದು ನೀರುಗಂಟಿಯ ಕೆಲಸ. ದೊಡ್ಡವರ ಗದ್ದೆ ಅಂತ ಒಂದು ಗಳಿಗೆ ಜಾಸ್ತಿ ಬಿಡುವ ಹಾಗಿಲ್ಲ.

ವಾಚ್‌ಮನ್ ತೆಗೆದು ನೀರುಗಂಟಿ ಅನ್ನುವ ಪದವನ್ನೇ ಇಟ್ಟೆ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ತೆಗೆದ 1961ರ ಕಾಯ್ದೆಯ ಬಗ್ಗೆ ಹೊಸ ಭಾಗ ಸೇರಿಸಿದೆ. ಅದು ನ್ಯಾಯವಾದ ಕಾಯ್ದೆ. ಹುಟ್ಟಿನಿಂದ ಒಬ್ಬರ ತಲೆಗೆ ಕಟ್ಟಿದ ಕೆಲಸ ಹೋಗಲೇಬೇಕಿತ್ತು. ಆದರೆ ತೂಬು ಎತ್ತುವವರು ಇನ್ನು ಯಾರು ಅನ್ನುವುದು ಊರೂರಿನಲ್ಲಿ ಪ್ರಶ್ನೆಯಾಯಿತು. ಎರಡನ್ನೂ ಬರೆದೆ. ವಿಮರ್ಶಕರ ಒಂದೊಂದು ಮಾತಿಗೂ ಕೆಳಗೆ ನನ್ನ ಉತ್ತರ, ತಿದ್ದಿದ ಪುಟದ ಸಂಖ್ಯೆ ಹಾಕಿ ಪತ್ರ ಕಳಿಸಿದೆ. ಒಪ್ಪದ ಎರಡು ಕಡೆ ಯಾಕೆ ಒಪ್ಪುವುದಿಲ್ಲ ಅಂತ ದಾಖಲೆ ಕೊಟ್ಟೆ. ಅದಕ್ಕೆ ಅವರು ಬೇಸರ ಮಾಡಿಕೊಳ್ಳಲಿಲ್ಲ.

ಅಚ್ಚಾದ ಮೇಲೆ ಅದರ ಸಾರವನ್ನು ಕನ್ನಡದಲ್ಲಿ ನಾಲ್ಕು ಪುಟ ಬರೆದು ಆ ಊರಿಗೆ ತೆಗೆದುಕೊಂಡು ಹೋದೆ. ತಾತನ ಮೊಮ್ಮಗಳು ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದಿದಳು. ನೀರುಗಂಟಿಗೆ ಎಕರೆ ಲೆಕ್ಕದಲ್ಲಿ ಭತ್ತ ಕೊಡುತ್ತಿದ್ದರು ಅನ್ನುವ ಸಾಲು ಬಂದಾಗ ತಾತ ಕೈ ಎತ್ತಿ ನಿಲ್ಲಿಸಿದರು. ಅವರ ಊರಿನಲ್ಲಿ ಎಕರೆ ಲೆಕ್ಕ ಇರಲಿಲ್ಲವಂತೆ, ಕಣದಲ್ಲಿ ರಾಶಿ ಮಾಡಿದಾಗ ಮೊರದಲ್ಲಿ ತುಂಬಿ ಕೊಡುತ್ತಿದ್ದರಂತೆ. ಅಲ್ಲೇ ಪೆನ್ನು ತೆಗೆದು ಬರೆದುಕೊಂಡೆ. ಮುಂದಿನ ಲೇಖನಕ್ಕೆ ಆ ಕಣದ ಲೆಕ್ಕವನ್ನೇ ಹುಡುಕುತ್ತಿದ್ದೇನೆ.